ವಿಲೋ ತೊಗಟೆಯ ಕಹಿ

ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಊರಿನ ಪಾದ್ರಿ ಎಡ್ವರ್ಡ್ ಸ್ಟೋನ್ ಒಮ್ಮೆ ವಿಲೋ ಮರದ ತೊಗಟೆಯನ್ನು ನಾಲಿಗೆಗೆ ತಾಗಿಸಿ ನೋಡಿದ. ವಿಪರೀತ ಕಹಿ. ಚಳಿಜ್ವರಕ್ಕೆಂದು ಪೆರು ದೇಶದಿಂದ ತರಿಸುತ್ತಿದ್ದ ಸಿಂಕೋನಾ ತೊಗಟೆಯದೂ ಇಂಥದೇ ಕಹಿ, ಆದರೆ ಅದು ಬಲು ದುಬಾರಿ. ವಿಲೋ ಊರಿನ ಹೊಳೆದಂಡೆಯಲ್ಲೇ ಬೆಳೆದಿತ್ತು. ಚಳಿಜ್ವರ ಹೆಚ್ಚುವುದು ಜೌಗು ನೆಲದಲ್ಲಿ, ವಿಲೋ ಬೆಳೆಯುವುದೂ ಅಲ್ಲೇ. ರೋಗ ಇದ್ದಲ್ಲೇ ಮದ್ದೂ ಇರುತ್ತದೆ ಎಂದು ಆತ ನಂಬಿದ.

ತರ್ಕ ತಪ್ಪು. ಆದರೆ ಆಮೇಲೆ ಆತ ಪಟ್ಟ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಸುಮಾರು ಒಂದು ಪೌಂಡ್ ತೊಗಟೆ ತಂದು, ಬ್ರೆಡ್ ಬೇಯಿಸುವ ಒಲೆಯ ಹೊರಮೈಯಲ್ಲಿಟ್ಟು ಮೂರು ತಿಂಗಳಿಗೂ ಹೆಚ್ಚು ಕಾಲ ಒಣಗಿಸಿ, ಪುಡಿಮಾಡಿದ. ಅಳುಕುತ್ತಲೇ ಮೊದಲು ತೀರಾ ಸ್ವಲ್ಪ ಕೊಟ್ಟ, ನಾಲ್ಕು ಗಂಟೆಗೊಮ್ಮೆ. ಗುಣ ಕಂಡಂತೆಲ್ಲ ಪ್ರಮಾಣ ಏರಿಸಿದ. ಹೀಗೆ ಸುಮಾರು 50 ಮಂದಿಗೆ ಕೊಟ್ಟು, ಮದ್ದು ಹಿಡಿಯದ ಕೆಲವರ ಸಂಗತಿಯನ್ನೂ ಮುಚ್ಚಿಡದೆ 1763ರಲ್ಲಿ ರಾಯಲ್ ಸೊಸೈಟಿಗೆ ಪತ್ರ ಬರೆದ. ವಿಲೋ ಪ್ರಾಚೀನ ಗ್ರೀಕ್ ವೈದ್ಯರಿಗೂ ಗೊತ್ತಿದ್ದ ಮರ. ಎಷ್ಟು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಎಂದು ಲೆಕ್ಕ ಇಟ್ಟು ಪರೀಕ್ಷಿಸಿದ್ದು ಸ್ಟೋನ್‌ನ ಹೆಚ್ಚುಗಾರಿಕೆ.

ಆತ ನೋಡಿದ್ದು ಜ್ವರವನ್ನು. ನೋವಿನ ಸರದಿ ಬಂದದ್ದು ನೂರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ತೊಗಟೆಯ ಸತ್ವವಾದ ಸ್ಯಾಲಿಸಿನ್ ಬೇರ್ಪಟ್ಟಿತ್ತು. ಸ್ಕಾಟ್ಲೆಂಡಿನ ಡಂಡೀಯ ವೈದ್ಯ ಥಾಮಸ್ ಮ್ಯಾಕ್ಲಗನ್ ಕೀಲುವಾತದ ರೋಗಿಗಳಿಗೆ ಮದ್ದು ಹುಡುಕುತ್ತ, ತೇವದ ನೆಲದ ರೋಗಕ್ಕೆ ತೇವದ ನೆಲದ ಮರ ಎಂಬ ಅದೇ ತಪ್ಪು ತರ್ಕ ಹಿಡಿದು ವಿಲೋ ಬಳಿಗೇ ಬಂದ! ಸ್ಯಾಲಿಸಿನ್ನನ್ನು ಮೊದಲು ತಾನೇ ನುಂಗಿ ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟ. ಜ್ವರ, ಕೀಲುನೋವು ಎರಡೂ ಇಳಿದದ್ದನ್ನು 1876ರಲ್ಲಿ ಪ್ರಕಟಿಸಿದ.

ಇದೇ ಬಳಗದ ಸ್ಯಾಲಿಸಿಲಿಕ್ ಆಮ್ಲ ಅಗ್ಗವಾಗಿ ಸಿಗುತ್ತಿತ್ತು, ಆದರೆ ಹೊಟ್ಟೆ ಉರಿಸುತ್ತಿತ್ತು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅದರ ಸೌಮ್ಯ ರೂಪವೊಂದನ್ನು ಶುದ್ಧವಾಗಿ ತಯಾರಿಸಿದ. 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂದು ಹೆಸರಾಯಿತು. ಆ ಕೆಲಸಕ್ಕೆ ದಾರಿ ತೋರಿದ್ದು ತಾನೆಂದು ಸಹೋದ್ಯೋಗಿ ಆರ್ಥರ್ ಐಕೆನ್‌ಗ್ರ್ಯುನ್ ಬದುಕಿನ ಕೊನೆಯಲ್ಲಿ ಬರೆದ. ಯಹೂದಿಯಾಗಿದ್ದ ಆತನನ್ನು ನಾಜಿಗಳು ಸೆರೆಶಿಬಿರಕ್ಕೆ ತಳ್ಳಿದ್ದರು. ಆತನ ಮಾತಿಗೆ ಇನ್ನಷ್ಟು ಬೆಲೆ ಸಿಗಬೇಕೆಂಬುದು ನನ್ನ ಅನಿಸಿಕೆ.

ನೋವು ಇಳಿಯುವ ಗುಟ್ಟನ್ನು 1971ರಲ್ಲಿ ಬಿಡಿಸಿದವನು ವಿಜ್ಞಾನಿ ಜಾನ್ ವೇನ್. ನೋವು, ಊತ ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್‌ಗಳನ್ನು ಆಸ್ಪಿರಿನ್ ತಡೆಯುತ್ತದೆ. ಜಠರದ ಒಳಪದರವನ್ನು ಕಾಯುವುದೂ ಇವೇ, ಹಾಗಾಗಿ ಹೊಟ್ಟೆಯ ತೊಂದರೆ ಪೂರ್ತಿ ತಪ್ಪಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆಯೂ ಆಸ್ಪಿರಿನ್ ಮಾಡುತ್ತದೆ. ಹೃದ್ರೋಗಿಗಳಿಗೆ ವೈದ್ಯರು ಅದನ್ನು ಬರೆದುಕೊಡುವುದು ಈ ಗುಣಕ್ಕಾಗಿ. ಮಳೆಗಾಲದಲ್ಲಿ ಡೆಂಗಿಯ ಶಂಕೆಯಿದ್ದರೆ ಅದನ್ನು ಮುಟ್ಟಬೇಡಿ ಎನ್ನುವುದೂ ಇದೇ ಕಾರಣಕ್ಕೆ. ಆಗ ರಕ್ತಸ್ರಾವದ ಅಪಾಯ ಹೆಚ್ಚು.