ಕ್ಯಾಮೆರಾಕ್ಕೆ ದಾರಿ ತೋರಿಸಿದವರು ಯಾರು?

ಬಂದೂಕು ಹಿಡಿದವರ ಬಗೆಗಿನ ಸಾಕ್ಷ್ಯಚಿತ್ರಗಳಲ್ಲಿ ಒಂದು ದೃಶ್ಯ ಹೆಚ್ಚೂಕಮ್ಮಿ ಇದ್ದೇ ಇರುತ್ತದೆ. ಬೆಳಗಿನ ಮಂಜು, ಕಾಡಿನ ಕಾಲುದಾರಿ, ಸಾಲಾಗಿ ನಡೆಯುವ ಎಳೆಯ ಹುಡುಗ ಹುಡುಗಿಯರು, ಹಿಂದೆ ಅವರದೇ ಹಾಡು. ನೋಡುವವರ ಎದೆ ತುಂಬಿ ಬರುತ್ತದೆ. ನನಗೂ ಬಂದಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹುಡುಗಿಯ ಅಪ್ಪನಿಗೆ ಎಷ್ಟು ನೆಲ ಇತ್ತು, ಅವಳು ಯಾಕೆ ಬಂದಳು, ನಾಳೆ ವಾಪಸ್ ಹೋಗ್ತೀನಿ ಅಂದರೆ ಬಿಡ್ತಾರಾ ಅನ್ನೋದನ್ನು ಕ್ಯಾಮೆರಾ ಕೇಳುವುದಿಲ್ಲ. ಕೇಳೋದು ಸುಲಭವೂ ಅಲ್ಲ. ಕಾಡಿನೊಳಗೆ ಕರೆದೊಯ್ದವನು, ಅವಳ ಗೊಂಡಿ ಮಾತನ್ನು ಹಿಂದಿಗೆ ತಿರುಗಿಸಿ ಹೇಳುವವನು ಅದೇ ಪಕ್ಷದವನಾದರೆ ಚಿತ್ರದ ಚೌಕಟ್ಟು ಅರ್ಧ ಅಲ್ಲೇ ತೀರ್ಮಾನವಾಗಿರುತ್ತದೆ. ರಮ್ಯಗೊಳಿಸುವುದು ಅಂದರೆ ಸುಳ್ಳು ಹೇಳುವುದಲ್ಲ, ಗೆಳೆಯರೆ. ಕೆಲವು ಪ್ರಶ್ನೆಗಳನ್ನು ಹಾಡಿನಲ್ಲಿ ಮುಳುಗಿಸಿಬಿಡುವುದು.

ಸಂಜಯ್ ಕಾಕ್ ಅವರ ‘ರೆಡ್ ಆಂಟ್ ಡ್ರೀಮ್’ (2013) ತೆಗೆದುಕೊಳ್ಳೋಣ. ಇಂಥ ಚಿತ್ರಗಳಿಗೆ ನಮ್ಮ ಮೇಲೆ ಋಣ ಇದೆ, ಅದನ್ನು ಮೊದಲೇ ಹೇಳಿಬಿಡಬೇಕು. 2005ರಲ್ಲಿ ಸಲ್ವಾ ಜುಡುಂ ಹುಟ್ಟಿ ಬಸ್ತಾರಿನ ಹಳ್ಳಿಗಳು ಉರಿದವು. ಆದಿವಾಸಿ ಹುಡುಗರ ಕೈಗೆ ಸರ್ಕಾರವೇ ಬಂದೂಕು ಕೊಟ್ಟದ್ದು ಸಂವಿಧಾನಬಾಹಿರ ಅಂತ 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2012ರ ಜೂನಿನಲ್ಲಿ ಸಾರ್ಕೆಗುಡದಲ್ಲಿ 17 ಜನರನ್ನು ಕೊಂದಾಗ ಅವರೆಲ್ಲ ನಕ್ಸಲರು ಅಂದರು. ಅದಕ್ಕೆ ಪುರಾವೆ ಇಲ್ಲ ಎಂದು ನ್ಯಾಯಾಂಗ ಆಯೋಗ ಹೇಳುವ ಹೊತ್ತಿಗೆ 2019 ಆಗಿತ್ತು. ಇಂಥ ಕಡೆಗೆ ಕ್ಯಾಮೆರಾ ಹೊತ್ತು ಹೋಗುವುದು ಸಣ್ಣ ಕೆಲಸವಲ್ಲ.

ತಕರಾರು ಇರುವುದು ಜೋಡಣೆಯಲ್ಲಿ. ಈ ಚಿತ್ರ ಬಸ್ತಾರಿನ ಶಿಬಿರ, ಒಡಿಶಾದ ನಿಯಮಗಿರಿ, ಪಂಜಾಬಿನ ಭಗತ್ ಸಿಂಗ್ ನೆನಪು, ಮೂರನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಎಲ್ಲ ಹಳ್ಳಗಳೂ ಬಂದೂಕಿನ ಹೊಳೆಗೇ ಸೇರುತ್ತವೆ ಅನ್ನಿಸುವ ಹಾಗೆ. ಆದರೆ ನಿಯಮಗಿರಿಯ ಡೊಂಗ್ರಿಯಾ ಕೊಂದರು ಏನು ಮಾಡಿದರು? ಅದೇ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಡೆದ 12 ಗ್ರಾಮಸಭೆಗಳಲ್ಲಿ ಕೂತು, ವೇದಾಂತದ ಬಾಕ್ಸೈಟ್ ಗಣಿ ಬೇಡ ಅಂತ ಹನ್ನೆರಡಕ್ಕೆ ಹನ್ನೆರಡೂ ಹೇಳಿಬಿಟ್ಟರು. ಹಿಂದೆ ವರ್ಷಗಟ್ಟಲೆ ಹೋರಾಟ ಇತ್ತು, ಕೈಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಇತ್ತು. ಗ್ರಾಮಸಭೆಯಲ್ಲಿ ಚಾಪೆ ಮೇಲೆ ಕೂತ ಮುದುಕಿ ತೆರೆಯ ಮೇಲೆ ಬಂದೂಕಿನಷ್ಟು ಚೆಂದ ಕಾಣುವುದಿಲ್ಲ, ಏನು ಮಾಡೋದು! ರಕ್ತದ ಹಾದಿ ಬಿಡಬೇಕು ಅಂತ 1949ರಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಆಡಿದ ಮಾತನ್ನು ಒಪ್ಪಬೇಕಿಲ್ಲ, ಅದರೊಡನೆ ಜಗಳವನ್ನಾದರೂ ಆಡಬೇಕಲ್ಲ.

ಇನ್ನು ಜಾತಿ. ಪೀಪಲ್ಸ್ ವಾರ್ ಕಟ್ಟಿದವರಲ್ಲಿ ಒಬ್ಬರು ಕೆ.ಜಿ. ಸತ್ಯಮೂರ್ತಿ, ‘ಶಿವಸಾಗರ್’ ಹೆಸರಿನ ದಲಿತ ಕವಿ. ಪಕ್ಷದೊಳಗಿನ ಜಾತಿಯನ್ನು ಪ್ರಶ್ನಿಸಿದ ಅವರು 1980ರ ದಶಕದಲ್ಲಿ ಹೊರಗೆ ಬಿದ್ದರು. ಅವರ ಸೋದರ ಸೊಸೆ ಸುಜಾತಾ ಗಿಡ್ಲಾ ಇದನ್ನು 2017ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಸಾಲಾಗಿ ನಡೆಯುವ ಸಮವಸ್ತ್ರದ ಚಿತ್ರದಲ್ಲಿ ಈ ಕಥೆಗೆ ಜಾಗ ಎಲ್ಲಿ? ಸಮವಸ್ತ್ರ ತೊಟ್ಟ ಕೂಡಲೇ ಎಲ್ಲರೂ ಒಂದೇ ಆಗಿ ಕಾಣುತ್ತಾರೆ. ನಮ್ಮಲ್ಲೂ 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಸಾಕೇತ್ ರಾಜನ್ ಜೊತೆ ಶಿವಲಿಂಗು ಅನ್ನುವವನೂ ಸತ್ತ. ಸಾಕೇತರ ಬಗ್ಗೆ ಪುಟಗಟ್ಟಲೆ ಓದಿದ್ದೇನೆ, ಶಿವಲಿಂಗು ಬಗ್ಗೆ ನಾಲ್ಕು ಸಾಲು.

ಬೇರೆ ಥರ ಚಿತ್ರ ಮಾಡಬಹುದು. ಆನಂದ್ ಪಟವರ್ಧನ್ 14 ವರ್ಷ ಹಿಡಿದು ಮಾಡಿದ ‘ಜೈ ಭೀಮ್ ಕಾಮ್ರೇಡ್’ (2011) ಇದೆ. 1997ರ ಜುಲೈನಲ್ಲಿ ಮುಂಬಯಿಯ ರಮಾಬಾಯಿ ನಗರದಲ್ಲಿ ಪೊಲೀಸರು 10 ದಲಿತರನ್ನು ಗುಂಡಿಕ್ಕಿ ಕೊಂದರು. ಕೆಂಬಾವುಟದ ಹಾಡುಗಾರ ವಿಲಾಸ್ ಘೋಗ್ರೆ ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡು ನೇಣು ಹಾಕಿಕೊಂಡ. ಕೆಂಪಿನವನು ಕೊನೆ ಗಳಿಗೆಯಲ್ಲಿ ನೀಲಿ ಯಾಕೆ ಕಟ್ಟಿಕೊಂಡ ಅನ್ನುವುದರಿಂದಲೇ ಚಿತ್ರ ಹೊರಡುತ್ತದೆ. ಮುಂದೆ ಕಬೀರ್ ಕಲಾ ಮಂಚ್‌ನ ಹುಡುಗರು ನಕ್ಸಲರೆಂಬ ಆಪಾದನೆಗೆ ಸಿಕ್ಕಿ ಭೂಗತರಾದಾಗ ಕ್ಯಾಮೆರಾ ಅವರನ್ನು ಹುಡುಕಿಕೊಂಡು ಕಾಡಿಗೆ ಹೋಗುವುದಿಲ್ಲ. ಹಾಡುಗಾರ್ತಿ ಶೀತಲ್ ಸಾಠೆಯ ತಾಯಿಯ ಹತ್ತಿರ ಹೋಗುತ್ತದೆ. 2013ರ ಏಪ್ರಿಲಿನಲ್ಲಿ ಶೀತಲ್ ಮತ್ತು ಸಚಿನ್ ಮಾಳಿ ಮುಂಬಯಿಯ ವಿಧಾನಭವನದ ಮುಂದೆ ತಾವಾಗಿಯೇ ಬಂದು ನಿಂತರು. ಇದು ಶರಣಾಗತಿ ಅಲ್ಲ, ಸತ್ಯಾಗ್ರಹ ಅಂದರು.