ಕಾನೂನು ಪದವಿಗೆ ಸರ್ಕಾರಿ ಶಿಕ್ಷಣ ಸಾಲ: ಜೈನ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು



ಪಿಯುಸಿ ಮುಗಿಸಿ ಐದು ವರ್ಷದ ಅಥವಾ ಪದವಿ ಮುಗಿಸಿ ಮೂರು ವರ್ಷದ ಕಾನೂನು ಕೋರ್ಸಿಗೆ ಸೇರುವ ಮಕ್ಕಳು ಸಮಾಜದಲ್ಲಿ ಹೆಚ್ಚುತ್ತಿದ್ದಾರೆ. ಶುಲ್ಕ ಕಟ್ಟಲು ಕೈಸಾಲ ಮಾಡುವ ಮೊದಲು ಸರ್ಕಾರದ ಸಾಲದ ದಾರಿಗಳನ್ನು ನೋಡುವುದು ಒಳ್ಳೆಯದು.

ಅಲ್ಪಸಂಖ್ಯಾತರ ನಿಗಮದ ಸಾಲ

ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದೆ. ಹೀಗಾಗಿ ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ಶಿಕ್ಷಣ ಸಾಲಕ್ಕೆ ನಮ್ಮ ಮಕ್ಕಳೂ ಅರ್ಹರು. ವೃತ್ತಿಪರ ಕೋರ್ಸಿಗೆ ಭಾರತದಲ್ಲಿ ಗರಿಷ್ಠ 20 ಲಕ್ಷ ರೂ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷದೊಳಗಿದ್ದರೆ ಬಡ್ಡಿ ಶೇ. 3. ಆದಾಯ 8 ಲಕ್ಷದವರೆಗಿದ್ದರೆ ಗಂಡುಮಕ್ಕಳಿಗೆ ಶೇ. 8, ಹೆಣ್ಣುಮಕ್ಕಳಿಗೆ ಶೇ. 5. ರಾಜ್ಯದಲ್ಲಿ ಇದಕ್ಕೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು.

ಇದೇ ನಿಗಮದ ‘ಅರಿವು’ ಸಾಲ ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ. ಕಾನೂನು ಸೀಟು ಸಿಇಟಿಯಲ್ಲಿ ಹಂಚಿಕೆಯಾಗುವುದಿಲ್ಲ. ಆಯಾ ವರ್ಷದ ಪ್ರಕಟಣೆಯಲ್ಲಿ ಕಾನೂನು ಕೋರ್ಸ್ ಇದೆಯೇ ಎಂದು ನೋಡದೆ ಅರಿವು ಒಂದನ್ನೇ ನಂಬಿ ಕೂರಬಾರದು.

ಪಿಎಂ ವಿದ್ಯಾಲಕ್ಷ್ಮಿ

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದವರಿಗೆ ಬ್ಯಾಂಕು ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಕೊಡುತ್ತದೆ. ಆದಾಯ 8 ಲಕ್ಷದವರೆಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ಸಹಾಯಧನವಿದೆ. ಇದು ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಸೀಮಿತ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಉನ್ನತ ಶ್ರೇಯಾಂಕದ ಸಂಸ್ಥೆಗಳಿಗೆ ಇದು ಅನುಕೂಲ. ತಾಲ್ಲೂಕು, ಜಿಲ್ಲಾ ಕೇಂದ್ರಗಳ ಅನೇಕ ಕಾನೂನು ಕಾಲೇಜುಗಳು ಪಟ್ಟಿಯಲ್ಲಿ ಇರುವುದಿಲ್ಲ. ಅಂಥ ಕಡೆ ಸರ್ಕಾರಿ ಬ್ಯಾಂಕುಗಳ ಸಾಮಾನ್ಯ ಶಿಕ್ಷಣ ಸಾಲವೇ ದಾರಿ. ಅದರಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ, ಪೋಷಕರು ಸಹ-ಸಾಲಗಾರರಾಗಬೇಕು.

ಮುಖ್ಯ ಲೆಕ್ಕ

ಬ್ಯಾಂಕ್ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಕಂತು ಶುರು. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಶೇ. 10 ಬಡ್ಡಿಯಲ್ಲಿ ಪ್ರತಿ ವರ್ಷದ ಆರಂಭಕ್ಕೆ 1 ಲಕ್ಷದಂತೆ ಐದು ವರ್ಷ ಪಡೆದರೆ, ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ 2 ಲಕ್ಷ. 5 ಲಕ್ಷದ ಸಾಲ 7 ಲಕ್ಷವಾಗಿರುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 9,250 ರೂ. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದರೆ ಕಂತು ಸುಮಾರು 6,600 ರೂ. ಮಾತ್ರ. ಮೊದಲ ವರ್ಷ ಕಟ್ಟಬೇಕಾದ ಬಡ್ಡಿ ತಿಂಗಳಿಗೆ ಸುಮಾರು 833 ರೂ., ಐದನೇ ವರ್ಷ ಸುಮಾರು 4,167 ರೂ.

ವಕೀಲಿ ವೃತ್ತಿಗೆ ಈ ಲೆಕ್ಕ ಹೆಚ್ಚು ಮುಖ್ಯ. ಪದವಿಯ ನಂತರ ಸನದು ಪಡೆಯಬೇಕು, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಹಿರಿಯ ವಕೀಲರ ಬಳಿ ಜೂನಿಯರ್ ಆಗಿರುವ ಮೊದಲ ವರ್ಷಗಳಲ್ಲಿ ಕೈಗೆ ಬರುವುದು ಕಡಿಮೆ. ಸಂಬಳ ಬಂದಮೇಲೆ ಕಟ್ಟಿದರಾಯಿತು ಎಂದು ಬಿಟ್ಟರೆ, ಕೋರ್ಟಿನಲ್ಲಿ ನೆಲೆಯೂರಬೇಕಾದ ಮಗ ಅಥವಾ ಮಗಳು ಕಂತಿನ ಚಿಂತೆಗೆ ವೃತ್ತಿಯನ್ನೇ ಬಿಡಬೇಕಾದೀತು. ಸಾಲದ ಮೊತ್ತವನ್ನು ಅಗತ್ಯಕ್ಕೆ ಸೀಮಿತಗೊಳಿಸಿ, ಬಡ್ಡಿಯನ್ನು ಮನೆಯವರು ತಿಂಗಳು ತಿಂಗಳು ಕಟ್ಟುವುದೇ ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ.

ಈಗಲೇ ಸಿದ್ಧಪಡಿಸಬೇಕಾದ್ದು

ಸೀಟು ಸಿಕ್ಕ ಮೇಲೆ ಓಡಾಡಿದರೆ ಶುಲ್ಕದ ಕೊನೆಯ ದಿನ ದಾಟಿಹೋಗುತ್ತದೆ. ನಾಡಕಚೇರಿಯಲ್ಲಿ ಅಲ್ಪಸಂಖ್ಯಾತ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಕಾಲೇಜಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ನೋಡಿ. ಬಡ್ಡಿದರ ಮತ್ತು ನಿಯಮಗಳು ಬದಲಾಗುತ್ತಿರುತ್ತವೆ, ಸಹಿ ಹಾಕುವ ಮುನ್ನ ಮಂಜೂರಾತಿ ಪತ್ರವನ್ನು ಪೂರ್ತಿ ಓದಿ.