ಮನೆಯ ಕಂಪ್ಯೂಟರಿಗೆ ವೈರಸ್ ನಿರೋಧಕ: ಕೊಳ್ಳುವ ಮುನ್ನ ತಿಳಿಯಬೇಕಾದ ವಿಷಯಗಳು

ಇತ್ತೀಚಿನ ವರ್ಷಗಳಲ್ಲಿ ನಮ್ಮ ಅನೇಕ ರೈತ ಕುಟುಂಬಗಳಲ್ಲಿ ಒಂದು ಕಂಪ್ಯೂಟರು ಇಲ್ಲವೆ ಲ್ಯಾಪ್‌ಟಾಪು ಬಂದು ಕುಳಿತಿದೆ. ಮಕ್ಕಳ ಓದಿಗೆಂದು ತಂದದ್ದು ಬರಬರುತ್ತಾ ಮನೆಯ ಲೆಕ್ಕದ ಪುಸ್ತಕವೂ ಆಗಿದೆ. ಪಹಣಿಯ ನಕಲು, ಸೊಸೈಟಿ ಸಾಲದ ಲೆಕ್ಕ, ಮಂಡಿಯ ಚೀಟಿ, ಮಣ್ಣು ಪರೀಕ್ಷೆಯ ವರದಿ, ಮದುವೆಯ ಫೋಟೋಗಳು ಎಲ್ಲವೂ ಅದರೊಳಗಿವೆ. ಹೀಗಿರುವಾಗ ಯಾವ ಆಂಟಿವೈರಸ್ ಹಾಕಿಸಬೇಕು ಎಂದು ಕ್ಷೇತ್ರೋತ್ಸವಗಳಲ್ಲಿ ಬೆಳೆಯ ಮಾತು ಮುಗಿದ ಮೇಲೆ ಹಲವರು ಕೇಳುವುದುಂಟು. ನಾನು ಬೇಸಾಯ ಶಾಸ್ತ್ರದವನು, ಕಂಪ್ಯೂಟರ್ ಶಾಸ್ತ್ರದವನಲ್ಲ. ಆದರೆ ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿರುವುದರಿಂದ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

2010ರ ಸುಮಾರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ, ರಾಗಿ ತಾಕುಗಳಿಂದ ಎರಡು ಮುಂಗಾರುಗಳಲ್ಲಿ ಸಂಗ್ರಹಿಸಿದ ಅಂಕಿ ಅಂಶಗಳನ್ನೆಲ್ಲ ಒಂದೇ ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದೆ. ನನ್ನ ಕಂಪ್ಯೂಟರಿನ ಜೊತೆ ಬಂದಿದ್ದ ಆಂಟಿವೈರಸ್‌ನ ಉಚಿತ ಅವಧಿ ಮುಗಿದು ವರ್ಷವಾಗಿತ್ತು. ಅದರ ಚಿಹ್ನೆ ಮಾತ್ರ ಪರದೆಯ ಮೂಲೆಯಲ್ಲಿ ಇದ್ದೇ ಇತ್ತು. ಕಾವಲಿದೆ ಎಂದೇ ನಾನು ನಂಬಿದ್ದೆ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ನೋಡಿದರೆ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಉಳಿದಿದ್ದವು. ಗಾಬರಿಯಲ್ಲಿ ಪರಿಚಯದವರೊಬ್ಬರ ಮಾತು ಕೇಳಿ ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಟ್ಟೆ. ಆ ಬಗೆಯ ವೈರಸ್ ಕಡತಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ ಅಷ್ಟೆ, ತಿಳಿದವರು ಕೆಲವೇ ನಿಮಿಷಗಳಲ್ಲಿ ಹೊರತೆಗೆಯಬಲ್ಲರು ಎಂಬುದು ಗೊತ್ತಾದದ್ದು ಆಮೇಲೆ. ಹೊಲದಲ್ಲಿ ಪೆನ್ಸಿಲಿನಿಂದ ಬರೆದ ಪುಸ್ತಕಗಳು ಇದ್ದುದರಿಂದ ಪದವಿ ಉಳಿಯಿತು. ಎಲ್ಲವನ್ನೂ ಮತ್ತೆ ಟೈಪ್ ಮಾಡಲು ಒಂದೂವರೆ ತಿಂಗಳ ರಾತ್ರಿಗಳು ಹೋದವು.

ನಿರೋಧಕ ಕೆಲಸ ಮಾಡುವ ಬಗೆ

ಕಂಪ್ಯೂಟರ್ ವೈರಸ್ ಎಂಬುದು ಜೀವಿಯಲ್ಲ, ಯಾರೋ ಬರೆದ ಆದೇಶಗಳ ಸರಣಿ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಗಳ ಮೂಲಕ ಹರಡಿತು. ಇಂದು ಅದೇ ಕೆಲಸವನ್ನು ಪೆನ್ ಡ್ರೈವು, ಇ-ಮೇಲ್ ಲಗತ್ತು ಮತ್ತು ಅಂತರಜಾಲದಿಂದ ಇಳಿಸಿಕೊಂಡ ಕಡತಗಳು ಮಾಡುತ್ತಿವೆ. ರಕ್ಷಣಾ ತಂತ್ರಾಂಶವು ಇದನ್ನು ಎರಡು ರೀತಿಯಲ್ಲಿ ಪತ್ತೆ ಮಾಡುತ್ತದೆ. ಮೊದಲನೆಯದು, ಈಗಾಗಲೇ ತಿಳಿದಿರುವ ವೈರಸ್‌ಗಳ ಗುರುತುಗಳೊಡನೆ ಪ್ರತಿ ಕಡತವನ್ನೂ ಹೋಲಿಸಿ ನೋಡುವುದು. ಎರಡನೆಯದು, ನಡವಳಿಕೆಯನ್ನು ಗಮನಿಸುವುದು. ಯಾವುದೋ ತಂತ್ರಾಂಶ ಒಮ್ಮೆಲೇ ನೂರಾರು ಕಡತಗಳನ್ನು ಬದಲಾಯಿಸತೊಡಗಿದರೆ ಅದನ್ನು ತಡೆಯುವುದು. ಕೀಟವನ್ನೇ ನೋಡಿ ಗುರುತಿಸುವುದಕ್ಕೂ ಎಲೆಯ ಮೇಲಿನ ಬಾಧೆಯಿಂದ ಗುರುತಿಸುವುದಕ್ಕೂ ಇರುವ ವ್ಯತ್ಯಾಸವೇ ಇದು. ಗುರುತುಗಳ ಪಟ್ಟಿ ದಿನದಿನವೂ ಹೊಸದಾಗುತ್ತಿರಬೇಕು. ಹೊಸದಾಗದ ಆಂಟಿವೈರಸ್ ಅವಧಿ ಮೀರಿದ ಕೀಟನಾಶಕದಂತೆ.

ಹಣ ಕೊಟ್ಟು ಕೊಳ್ಳುವುದು ಅವಶ್ಯಕವೇ?

ಬಹುಪಾಲು ಮನೆಗಳಿಗೆ ಅವಶ್ಯಕವಿಲ್ಲ ಎಂಬುದೇ ನನ್ನ ಅಭಿಪ್ರಾಯ. ಅಂಗಡಿಯವರಿಗೆ ಈ ಮಾತು ರುಚಿಸಲಾರದು. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲ್ಗೊಂಡು ವಿಂಡೋಸ್‌ನೊಳಗೇ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆಂಟಿವೈರಸ್ ಇದೆ. ಅದಕ್ಕೆ ಬೇರೆ ಹಣವಿಲ್ಲ, ಅವಧಿಯೂ ಮುಗಿಯುವುದಿಲ್ಲ. ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿ ತೆರೆದರೆ ಹಸಿರು ಗುರುತು ಕಾಣಬೇಕು. ಕಂಡರೆ ಕಾವಲು ನಡೆಯುತ್ತಿದೆ ಎಂದು ತಿಳಿಯಿರಿ.

ಆದರೆ ಒಂದು ಮಿತಿಯನ್ನು ಹಳ್ಳಿಯ ಬಳಕೆದಾರರು ಗಮನದಲ್ಲಿಡಬೇಕು. ಡಿಫೆಂಡರ್‌ನ ಬಲದ ಬಹುಭಾಗ ಅಂತರಜಾಲದ ಸಂಪರ್ಕದಲ್ಲಿದೆ. ಸಂಪರ್ಕವಿಲ್ಲದಾಗ ಅದರ ಪತ್ತೆ ಮಾಡುವ ಶಕ್ತಿ ತಗ್ಗುವುದನ್ನು ತುಲನಾತ್ಮಕ ಪರೀಕ್ಷೆಗಳು ತೋರಿಸಿವೆ. ನಿಮ್ಮ ಕಂಪ್ಯೂಟರಿಗೆ ಅಂತರಜಾಲ ಅಪರೂಪವಾಗಿದ್ದು, ಕೆಲಸವೆಲ್ಲ ಊರಿನವರ ಪೆನ್ ಡ್ರೈವುಗಳಿಂದಲೇ ನಡೆಯುವುದಾದರೆ, ಸಂಪರ್ಕವಿಲ್ಲದೆಯೂ ಚೆನ್ನಾಗಿ ಪತ್ತೆ ಮಾಡುವ ತಂತ್ರಾಂಶವನ್ನು ಕೊಳ್ಳಲು ನ್ಯಾಯವಾದ ಕಾರಣವಿದೆ. ಅಂಥ ಯಂತ್ರವನ್ನೂ ವಾರಕ್ಕೊಮ್ಮೆಯಾದರೂ ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಗುರುತುಗಳ ಪಟ್ಟಿಯನ್ನು ಹೊಸದು ಮಾಡಿಕೊಳ್ಳಬೇಕು.

ಕೊಳ್ಳುವುದೇ ಆದಲ್ಲಿ ಜಾಹೀರಾತು ನೋಡಿ ಕೊಳ್ಳಬೇಡಿ. ಜರ್ಮನಿಯ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಸಂಸ್ಥೆಗಳು ಇವನ್ನು ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆಗೆ 6, ಯಂತ್ರವನ್ನು ನಿಧಾನಗೊಳಿಸದಿರುವುದಕ್ಕೆ 6, ಸುಳ್ಳು ಎಚ್ಚರಿಕೆ ಕೊಡದಿರುವುದಕ್ಕೆ 6, ಹೀಗೆ 18 ಅಂಕಗಳ ಲೆಕ್ಕ ಇಡುತ್ತದೆ. ಎವಿ-ಕಂಪ್ಯಾರೆಟಿವ್ಸ್ ವರದಿಗಳಲ್ಲಿ ಸಂಪರ್ಕವಿಲ್ಲದಾಗಿನ ಪತ್ತೆಯ ಪ್ರಮಾಣವೂ ಸಿಗುತ್ತದೆ. ಒಂದೇ ಸಲದ ಫಲಿತಾಂಶ ನೋಡದೆ ಒಂದೆರಡು ವರ್ಷಗಳದ್ದನ್ನು ನೋಡಿ. ಒಂದು ಹಂಗಾಮಿನ ಇಳುವರಿ ನೋಡಿ ತಳಿಯನ್ನು ಶಿಫಾರಸು ಮಾಡುವುದಿಲ್ಲವಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ ಆದ ತಂತ್ರಾಂಶಗಳು. ಹೊರದೇಶದವೂ ಹಲವು ಇವೆ. ಹೆಸರಿಗಿಂತ ಅಂಕ ಮುಖ್ಯ. ನವೀಕರಣಕ್ಕೆ ಎರಡನೆಯ ವರ್ಷ ಎಷ್ಟು ಹಣ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಪುಕ್ಕಟೆ ಸಿಗುವುದೆಲ್ಲ ಪುಕ್ಕಟೆಯಲ್ಲ. ಅವಾಸ್ಟ್ ಕಂಪನಿಯು ಬಳಕೆದಾರರು ಯಾವ ಯಾವ ತಾಣ ನೋಡಿದರು ಎಂಬ ಮಾಹಿತಿಯನ್ನು ಸಂಗ್ರಹಿಸಿ ಮಾರಿತೆಂಬ ಆರೋಪದ ಮೇಲೆ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ ಅದಕ್ಕೆ 165 ಲಕ್ಷ ಡಾಲರ್ ತೆರುವಂತೆ ಮಾಡಿತು.

ಇನ್ನು, ಒಂದು ಸಾಲದೆಂದು ಎರಡು ಆಂಟಿವೈರಸ್ ಹಾಕಿಸುವವರಿದ್ದಾರೆ. ಇದು ತಪ್ಪು. ಎರಡೂ ಒಂದೇ ಕಡತವನ್ನು ಹಿಡಿಯಲು ಹೋಗಿ ಯಂತ್ರ ಕುಂಟುತ್ತದೆ. ಹೊಂದಾಣಿಕೆ ನೋಡದೆ ಎರಡು ಔಷಧಿಗಳನ್ನು ಒಂದೇ ಕ್ಯಾನಿಗೆ ಸುರಿದಂತೆ. ಅವಧಿ ಮುಗಿದದ್ದನ್ನು ಪೂರ್ತಿಯಾಗಿ ತೆಗೆದುಹಾಕಿ, ಡಿಫೆಂಡರ್ ಮತ್ತೆ ಚಾಲೂ ಆಗಿದೆಯೇ ಎಂದು ಪರೀಕ್ಷಿಸಬೇಕು.

ವಿಂಡೋಸ್ ಹಳೆಯದಾದರೆ

ಬೇಲಿಯೇ ಮುರಿದಿದ್ದರೆ ಕಾವಲುಗಾರನಿಂದ ಹೆಚ್ಚು ಪ್ರಯೋಜನವಿಲ್ಲ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಪಿಡುಗು 150ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿ, ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಸುಳಿದ ಕಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್ 14ರಂದೇ ಕೊಟ್ಟಿತ್ತು. ತೇಪೆ ಹಾಕಿಕೊಂಡಿದ್ದ ಯಂತ್ರಗಳಿಗೆ ಆ ಕಂಡಿಯಿಂದ ಅದು ನುಗ್ಗಲಾಗಲಿಲ್ಲ. ಆದ್ದರಿಂದ ‘ಅಪ್‌ಡೇಟ್’ ಎಂದು ಕೇಳಿದಾಗ ಡೇಟಾ ಖರ್ಚಾಗುತ್ತದೆಂದು ಮುಂದೂಡಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ತಕ್ಕದ್ದಾಗಿದ್ದರೆ ಬದಲಿಸಿಕೊಳ್ಳಿ. ಇಲ್ಲವಾದರೆ ಉಬುಂಟುವಿನಂಥ ಉಚಿತ ವ್ಯವಸ್ಥೆಯನ್ನು ಹಾಕಿಸಬಹುದು. ಅದೂ ಆಗದಿದ್ದಲ್ಲಿ ಆ ಯಂತ್ರದಿಂದ ಬ್ಯಾಂಕಿನ ವ್ಯವಹಾರವನ್ನಾದರೂ ನಿಲ್ಲಿಸಿ.

ಕಳ್ಳ ಪ್ರತಿಯ ವಿಂಡೋಸ್, ಕಳ್ಳ ಪ್ರತಿಯ ಲೆಕ್ಕದ ತಂತ್ರಾಂಶ ಹಾಕಿಕೊಟ್ಟು ಉಪಕಾರ ಮಾಡುವವರು ಪೇಟೆಗಳಲ್ಲಿದ್ದಾರೆ. ಅವನ್ನು ಹಾಕುವಾಗ ಮೊದಲು ಆಂಟಿವೈರಸ್ ಆರಿಸಬೇಕಾಗುತ್ತದೆ ಎಂಬುದನ್ನು ಗಮನಿಸಿದ್ದೀರಾ? ಕಾವಲುಗಾರನನ್ನು ಮಲಗಿಸಿ ಒಳಗೆ ಬರುವವರು ಏನನ್ನು ಹೊತ್ತು ತರುತ್ತಾರೋ ಹೇಳಲಾಗದು.

ಪ್ರತ್ಯೇಕ ಪ್ರತಿ

ಆಂಟಿವೈರಸ್‌ಗೆ ಕೊಡಬೇಕೆಂದಿದ್ದ ಹಣವನ್ನು ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿರೆಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ತಿಂಗಳಿಗೊಮ್ಮೆ ಮುಖ್ಯ ಕಡತಗಳನ್ನೆಲ್ಲ ಅದಕ್ಕೆ ನಕಲು ಮಾಡಿ, ಕೇಬಲ್ ಕಳಚಿ, ಬೀರುವಿನಲ್ಲಿಡಿ. ಕಳಚುವುದು ಮುಖ್ಯ. ಜೋಡಿಸಿಯೇ ಇಟ್ಟರೆ ಬೀಗ ಜಡಿಯುವ ವೈರಸ್ ಅದಕ್ಕೂ ಜಡಿಯುತ್ತದೆ. ಬಿತ್ತನೆ ಬೀಜವನ್ನು ಊಟದ ಕಾಳಿನ ಜೊತೆ ಒಂದೇ ಮೂಟೆಯಲ್ಲಿ ಯಾರೂ ಇಡುವುದಿಲ್ಲ.

ತಗುಲಿದ ಮೇಲೆ

ಸೋಂಕು ತಗುಲಿದೆಯೆಂಬ ಸಂಶಯ ಬಂದೊಡನೆ ಅಂತರಜಾಲದ ಸಂಪರ್ಕವನ್ನೂ ಪೆನ್ ಡ್ರೈವನ್ನೂ ತೆಗೆದುಬಿಡಿ. ಸರ್ಟ್-ಇನ್ ಸಂಸ್ಥೆಯ ಮೂಲಕ ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ವೈರಸ್ ತೆಗೆಯುವ ಉಚಿತ ಸಾಧನಗಳು ದೊರೆಯುತ್ತವೆ. ಬೇರೆ ಯಂತ್ರದಲ್ಲಿ ಇಳಿಸಿ ತರಬಹುದು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪಾಗಿ ಬಂದರೆ ಮಾತ್ರ ಅದು ವೈರಸ್ಸಲ್ಲ, ಮೋಸ. ಕರೆ ಮಾಡದೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ. ಅವರ ಮಾತಿಗೆ ಮರುಳಾಗಿ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ರಿಪೇರಿಯವರ ಬಳಿಗೆ ಒಯ್ದಾಗ ಅವರು ಮೊದಲ ಮಾತಿಗೇ ಫಾರ್ಮ್ಯಾಟ್ ಎಂದರೆ, ಒಳಗಿನ ಕಡತಗಳನ್ನು ಮೊದಲು ಹೊರತೆಗೆದು ತೋರಿಸಿ, ಆಮೇಲೆ ಮಾಡಿ ಎಂದು ಕೇಳಿ.